ಅಪ್ಪನ ಬಲಗಾಲು

ದೆವ್ವ, ಶಕುನ, ಬಿದ್ದ ಕನಸು ನಿಜವಾಗುವುದು, ಇಂಥದ್ದನ್ನೆಲ್ಲ ಕೇಳಿದರೆ ನಗುವ ಜಾತಿ ನನ್ನದು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮಕ್ಕಳು ದೆವ್ವದ ಕತೆ ತಂದರೆ ಯಾರು ನೋಡಿದ್ದು, ಸಾಕ್ಷಿ ಯಾರು ಎಂದು ಪೊಲೀಸರ ಹಾಗೆ ಕೇಳಿ ಬಾಯಿ ಮುಚ್ಚಿಸುತ್ತೇನೆ. ಅಂಥವಳು ಇದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನಮ್ಮದು ಬನವಾಸಿ ಹತ್ತಿರದ ಹಳ್ಳಿ. ಅಪ್ಪ ತನ್ನ ಟೆಂಪೊದಲ್ಲಿ ಅನಾನಸ್ ತುಂಬಿಕೊಂಡು ಶಿರಸಿ, ಯಲ್ಲಾಪುರ ದಾಟಿ ಕಿರವತ್ತಿಯ ಹೆದ್ದಾರಿ ಅಂಗಡಿಗಳಿಗೆ ಹಾಕಿ ಬರುತ್ತಿದ್ದ. ಕೆಲವು ವರ್ಷಗಳ ಹಿಂದೆ ಒಂದು ದಿನ ಲೋಡಿನ ಮೇಲೆ ನಿಂತು ಬಿಗಿಯುವಾಗ ಹಗ್ಗ ಹರಿದು ತಲೆಕೆಳಗಾಗಿ ಬಿದ್ದುಬಿಟ್ಟ. ಹುಬ್ಬಳ್ಳಿಯಲ್ಲಿ ತಲೆಯ ಆಪರೇಷನ್ ಆಯಿತು. ಜೀವ ಉಳಿಯಿತು. ಆದರೆ ಮನೆಗೆ ಬಂದ ಅಪ್ಪನಿಗೆ ಮಾತಿರಲಿಲ್ಲ, ನಮ್ಮ ಗುರುತಿರಲಿಲ್ಲ, ಬಲಗೈ ಬಲಗಾಲಿನಲ್ಲಿ ಸ್ವಾಧೀನವೇ ಇರಲಿಲ್ಲ. ಕಾದು ನೋಡಬೇಕು ಎಂದರು ಡಾಕ್ಟರು. ಅವ್ವ ಮಾತ್ರ ದಿನಾ ಅವನ ಕಿವಿಯ ಹತ್ತಿರ ಕೂತು ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. "ಎಲ್ಲಾ ಕೇಳಸ್ತೈತಿ ಅವರಿಗೆ. ಉತ್ತರ ಕೊಡಾಕ ಸೊಕ್ಕು, ಅಷ್ಟ," ಎನ್ನುತ್ತಿದ್ದಳು.

ಒಂದು ದಿನ ಅಪ್ಪನ ಎಡಗೈ ಅಲುಗತೊಡಗಿತು. ಮುಂದೆ ತಳ್ಳುವುದು, ಸ್ವಲ್ಪ ತಡೆದು ಹಿಂದಕ್ಕೆ ಎಳೆಯುವುದು.

"ನಿಮ್ಮಪ್ಪ ಗೇರ್ ಹಾಕಾಕತ್ತಾರ ನೋಡ! ಗಾಡಿ ಓಡ್ಸಾಕತ್ತಾರ!" ಅವ್ವನ ಕಾಲು ನೆಲದ ಮೇಲಿರಲಿಲ್ಲ.

"ಯವ್ವಾ, ಅದು ನರದ ಆಟ. ಸುಮ್ಮ ಆಸೆ ಇಟ್ಕೋಬ್ಯಾಡ," ಎಂದೆ.

"ನಿನ್ನ ವಿಜ್ಞಾನ ಸಾಲ್ಯಾಗ ಇಟ್ಟ ಬಾರವಾ," ಎಂದು ಗದರಿದಳು.

ಆಸೆ ನನಗೂ ಇತ್ತು. ಅದು ಸುಳ್ಳಾದರೆ ತಡೆದುಕೊಳ್ಳಲಾರೆನೆಂಬ ಹೆದರಿಕೆ ಅದಕ್ಕಿಂತ ಹೆಚ್ಚಿತ್ತು.

ಆಗ ಬೇಸಿಗೆ ರಜೆ. ಟೆಂಪೊ ಈಗ ನನ್ನ ತಮ್ಮ ಶಿವುವಿನ ಕೈಯಲ್ಲಿತ್ತು. ಅವತ್ತು ಅವನು ಕಿರವತ್ತಿಯಲ್ಲಿ ಲೋಡು ಇಳಿಸಿ ಮಧ್ಯಾಹ್ನ ವಾಪಸು ಬರುತ್ತಿದ್ದ. ಮನೆಯಲ್ಲಿ ನಾನು ಅಪ್ಪನಿಗೆ ಗಂಜಿ ಕುಡಿಸುತ್ತಿದ್ದೆ. ಎಡಗೈ ತನ್ನ ಪಾಡಿಗೆ ತಾನು ಗೇರ್ ಹಾಕುತ್ತಿತ್ತು. ಇದ್ದಕ್ಕಿದ್ದಂತೆ ಅಪ್ಪ ಕಣ್ಣಗಲಿಸಿ "ಏಯ್!" ಎಂದು ಕೂಗಿದ. ಸ್ವಾಧೀನ ತಪ್ಪಿದ ಆ ಬಲಗಾಲು ಧಡ್ಡೆಂದು ಮಂಚದ ಪಟ್ಟಿಗೆ ಬಡಿದು ಅಲ್ಲೇ ಒತ್ತಿ ನಿಂತಿತು. ಗಂಜಿಯ ಬಟ್ಟಲು ನನ್ನ ಕೈಯಿಂದ ಹಾರಿತು. ತಲೆಗೆ ಪೆಟ್ಟು ಬಿದ್ದ ಮೇಲೆ ಅಪ್ಪನ ಬಾಯಿಂದ ಬಂದ ಮೊದಲ ಶಬ್ದ ಅದು. ತೊಡೆಯ ತನಕ ಕಾಲು ಬಿಗಿದು ನಡುಗುತ್ತಿತ್ತು, ಹಣೆಯೆಲ್ಲ ಬೆವರು. ಆಮೇಲೆ ಮೆಲ್ಲಗೆ ಸಡಿಲಾಗಿ ಮೊದಲಿನ ಹಾಗೆಯೇ ಬಿದ್ದುಕೊಂಡಿತು.

ಕೂಗು ಕೇಳಿ ಓಡಿ ಬಂದ ಅವ್ವ ಅಳುತ್ತ ನಗುತ್ತ ಶಿವುಗೆ ಫೋನು ಹಚ್ಚಿದಳು. ಅಪ್ಪ ಕೂಗಿದನೆಂದು ಹೇಳಬೇಕಿತ್ತು ಅವಳಿಗೆ. ಅವಳು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಅವನೇ, "ಯವ್ವಾ, ನಿನಗ್ಯಾರ ಹೇಳಿದ್ರು? ನನಗೇನೂ ಆಗಿಲ್ಲ," ಎಂದ. ಮಂಚಿಕೇರಿ ಹತ್ತಿರದ ತಿರುವಿನಲ್ಲಿ ಕಟ್ಟಿಗೆ ತುಂಬಿದ ಲಾರಿ ಕೆಟ್ಟು ನಿಂತಿತ್ತಂತೆ. ಅದರ ದಿಮ್ಮಿಗೂ ಟೆಂಪೊದ ಗಾಜಿಗೂ ನಡುವೆ ಒಂದು ಗೇಣು ಉಳಿದಿತ್ತಂತೆ. ಗಾಡಿ ನಿಂತು ಇನ್ನೂ ಎರಡು ನಿಮಿಷ ಆಗಿರಲಿಲ್ಲ.

ನಾನು ಚೆಲ್ಲಿದ ಗಂಜಿ ಒರೆಸುತ್ತ, ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅಂದುಕೊಂಡೆ. ಸಂಜೆ ಶಿವು ನನ್ನನ್ನು ಹಿತ್ತಲಿಗೆ ಕರೆದ.

"ಅಕ್ಕಾ, ಅವ್ವಗ ಹೇಳಬ್ಯಾಡ. ನನಗ ನಿದ್ದಿ ಹತ್ತಿತ್ತು. ಲಾರಿ ನಾ ನೋಡೇ ಇಲ್ಲ. ಕಣ್ ತೆಗದಾಗ ಗಾಡಿ ನಿಂತಿತ್ತು."

"ಮತ್ತ ಬ್ರೇಕ್ ಯಾರ ಒತ್ತಿದ್ರು?"

"ನಾನಽ ಒತ್ತಿರಬೇಕು. ನನಗ ನೆನಪಿಲ್ಲ."

ವಿಜ್ಞಾನದವಳಲ್ಲವೇ, ಸುಮ್ಮನೆ ಕೂರಲಾಗಲಿಲ್ಲ. ಆಮೇಲೆ ಶಿವು ಗಾಡಿ ತೆಗೆದಾಗಲೆಲ್ಲ ಅಪ್ಪನ ಕೈಯನ್ನೇ ನೋಡುತ್ತ ಕೂತೆ. ಶಿವು ಎಲ್ಲಾದರೂ ನಿಲ್ಲಿಸಿದರೆ ಫೋನು ಮಾಡಬೇಕು, ನಾನು ತಾಳೆ ನೋಡಬೇಕು. ಒಂದು ಸಲವೂ ಹೊಂದಲಿಲ್ಲ. ಅವನು ನಿಲ್ಲಿಸಿ ಚಹಾ ಕುಡಿಯುವಾಗ ಅಪ್ಪ ಇಲ್ಲಿ ಟಾಪ್ ಗೇರಿನಲ್ಲಿರುತ್ತಿದ್ದ! ಡಾಕ್ಟರಿಗೆ ಹೇಳಿದರೆ, ತಲೆಗೆ ಪೆಟ್ಟಾದವರಿಗೆ ಅಂಥ ಸೆಳೆತ ಬರುತ್ತದೆ ಎಂದರು. ಇರಬಹುದು. ಅದು ಅದೇ ಹೊತ್ತಿಗೆ ಯಾಕೆ ಬಂತು, ಬ್ರೇಕ್ ಒತ್ತುವ ಕಾಲಿಗೇ ಯಾಕೆ ಬಂತು ಎಂದು ಕೇಳಿದರೆ ಗುಳಿಗೆ ಬರೆದುಕೊಟ್ಟರು.

ಈಗ ಅಪ್ಪ ನಮ್ಮನ್ನೆಲ್ಲ ಗುರುತಿಸುತ್ತಾನೆ. ನಾಲ್ಕಾರು ಮಾತು ಬಂದಿವೆ. ಆ ದಿನದ್ದನ್ನು ಕೇಳಿದರೆ ಚಹಾ ಕೇಳುತ್ತಾನೆ. ಬಲಗಾಲು ಅವತ್ತಿನಿಂದ ಒಮ್ಮೆಯೂ ಅಲುಗಿಲ್ಲ. ಅವ್ವ ದಿನಾ ಅದಕ್ಕೆ ಎಣ್ಣೆ ತಿಕ್ಕುತ್ತಾಳೆ, ನಾನೂ ತಿಕ್ಕುತ್ತೇನೆ. ಅದು ಒಂದಿಷ್ಟು ಅಲುಗಿದರೆ ಸಾಕು, ಅಪ್ಪ ಎದ್ದು ನಡೆದಾನು ಎಂಬ ಆಸೆ ಇಬ್ಬರಿಗೂ.

ಶಿವು ಗಾಡಿ ಒಯ್ದ ದಿನ ಮಾತ್ರ, ಅವನು ತಿರುಗಿ ಬರುವ ತನಕ, ನಾನು ಆ ಕಾಲನ್ನೇ ನೋಡುತ್ತ, ಇವತ್ತೊಂದು ದಿನ ಅಲುಗದಿರಲಿ ಎಂದು ಬೇಡಿಕೊಳ್ಳುತ್ತೇನೆ. ಯಾರನ್ನು ಬೇಡುತ್ತೀ ಎಂದು ಕೇಳಬೇಡಿ.