ರಾಣಿ ಪಾರ್ಟಿನ ಶಶಿರೇಖಾ ಪಾಳೇಗಾರನಾದದ್ದು

ತೆಕ್ಕಲಕೋಟೆಯ ಶಶಿರೇಖಾ ಬರುತ್ತಾಳೆಂದರೆ ಸಿರುಗುಪ್ಪ ಕಡೆಯ ಹಳ್ಳಿಗಳಲ್ಲಿ ನಾಟಕ ಅರ್ಧ ಗೆದ್ದಂತೆಯೇ. ಊರ ಗಂಡಸರು ಕಲಿತು ಆಡುವ ನಾಟಕಗಳಿಗೆ ಹೆಣ್ಣು ಪಾರ್ಟಿನವರನ್ನು ಹೊರಗಿನಿಂದ ಕರೆಸುವುದು ಇಲ್ಲಿಯ ರೂಢಿ. ಹದಿನೇಳರ ವಯಸ್ಸಿನಲ್ಲಿ ಭತ್ತ ನಾಟಿ ಮಾಡುತ್ತ ಹಾಡುತ್ತಿದ್ದವಳ ದನಿ ಕೇಳಿ, ಕುರುಗೋಡಿನ ಹಾರ್ಮೋನಿಯಂ ಮಾಸ್ತರ ಹೊನ್ನೂರಸ್ವಾಮಿ ಗದ್ದೆಯ ಬದುವಿಗೇ ಬಂದು ನಿಂತಿದ್ದರು. ಅಲ್ಲಿಂದ ಇಪ್ಪತ್ತೈದು ವರ್ಷ ಆಕೆಗೆ ಬಿಡುವಿರಲಿಲ್ಲ. ಗಡಿ ದಾಟಿದರೆ ತೆಲುಗು ಪದ್ಯ, ಈಚೆಗೆ ಬಂದರೆ ಕನ್ನಡದ ಹಾಡು. ಜನ ‘ಒನ್ಸ್ ಮೋರ್’ ಅಂದಾಗ ಅದೇ ಸಾಲನ್ನು ಬೇರೆಯೇ ಬಗೆಯಲ್ಲಿ ಎತ್ತುವುದೆಂದರೆ ಆಕೆಗೆ ಖುಷಿ.

ನಲವತ್ತೆರಡರಲ್ಲಿ ಗಂಟಲಿನ ಗಡ್ಡೆಗೆ ಆಪರೇಷನ್ ಆಯಿತು. ಗಾಯ ಮಾಯಿತು, ದನಿ ಮಾತ್ರ ಮೇಲೇರಲಿಲ್ಲ. ಎರಡು ದಿನ ಆಕೆ ಮನೆಯಲ್ಲೇ ಮತ್ತೆ ಮತ್ತೆ ಹಾಡಿ ನೋಡಿದಳು. ಮೂರನೆಯ ದಿನ ಕೊಳಗಲ್ಲಿನ ನಾಟಕದ ತಾಲೀಮಿಗೆ ಬಸ್ಸು ಹತ್ತಿದಳು.

ಅಲ್ಲಿ ಪಾಳೇಗಾರನ ಪಾರ್ಟು ಮಾಡುತ್ತಿದ್ದ ಮೈಲಾರಲಿಂಗಪ್ಪ ಒಂದು ಉಪಾಯ ಹೇಳಿದ. “ಅಕ್ಕಾ, ನಿಮ್ಮ ಹಳೇ ಹಾಡು ಮೊಬೈಲ್‌ನಾಗ ಐತಿ. ಅದನ್ನ ಹಚ್ಚತೀವಿ. ನೀವು ಬಾಯಿ ಆಡಿಸ್ರಿ, ಸಾಕು.”

“ನಾನಿನ್ನೂ ಇಲ್ಲೇ ಅದೀನಲ್ಲಪ್ಪಾ. ಮೊಬೈಲ್ ಯಾಕ ಹಾಡಬೇಕು?” ಎಂದವಳೇ ಹಾರ್ಮೋನಿಯಂ ಮುಂದೆ ಕೂತಿದ್ದ ಹೊನ್ನೂರಸ್ವಾಮಿ ಮಾಸ್ತರರ ಕಡೆ ತಿರುಗಿದಳು. “ಶ್ರುತಿ ಇಳಿಸ್ರಿ ಸರ್.”

ಮಾಸ್ತರು ಹಾರ್ಮೋನಿಯಂನ ಒಂದೊಂದೇ ಮನೆ ಇಳಿಸುತ್ತ, ಕೊನೆಗೆ ಗಂಡಸರು ಹಾಡುವ ಶ್ರುತಿಗೇ ಬಂದರು. ಅಲ್ಲಿ ದನಿ ನೆಲ ಕಂಡಿತು. ದಪ್ಪನೆಯ, ಗಟ್ಟಿ ದನಿ. ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು.

“ಇದು ರಾಣಿ ದನಿ ಅಲ್ಲಮ್ಮಾ,” ಎಂದರು ಮಾಸ್ತರು.

“ಹೌದ್ರಿ. ಪಾಳೇಗಾರಂದು.”

ಮೈಲಾರಲಿಂಗಪ್ಪ ನಕ್ಕ. “ಮೀಸಿ ಹಚ್ಚಿಕೊಂತೀರೇನು?”

“ಇಷ್ಟು ವರ್ಷ ಕಿರೀಟ ಹೊತ್ತೀನಿ. ಮೀಸಿ ಏನು ಭಾರ ಆಕ್ಕೈತಿ?” ಎಂದು ಅವನ ಪದ್ಯವನ್ನೇ ಎತ್ತಿಕೊಂಡಳು. ಹದಿನೈದು ವರ್ಷ ಅದನ್ನು ಪಕ್ಕದಲ್ಲಿ ನಿಂತು ಕೇಳಿದವಳು. ಎಲ್ಲಿಯೂ ತಡವರಿಸಲಿಲ್ಲ. ಮುಗಿದಾಗ ಮೈಲಾರಲಿಂಗಪ್ಪ ತನ್ನ ಕತ್ತಿಯನ್ನು ತಂದು ಆಕೆಯ ಕೈಗಿತ್ತು, “ನಾನು ಮಂತ್ರಿ ಆಗ್ತೀನಿ ಬಿಡ್ರಿ,” ಎಂದ. ದನಿಯಲ್ಲಿ ಸ್ವಲ್ಪ ಮುನಿಸಿತ್ತು. ನಾಟಕದ ದಿನ ಆಕೆಯ ಮುಂಡಾಸನ್ನು ತಾನೇ ಸುತ್ತಿದ.

ಅವತ್ತು ಜನ ರಾಣಿಯಾಗಿ ಬಂದ ಹೊಸ ಹುಡುಗಿ ಪೂಜಿತಾಳನ್ನು ನೋಡಿ ‘ಶಶಿರೇಖಾ ಎಲ್ಲಿ?’ ಎಂದು ಗುಸುಗುಟ್ಟಿದರು. ಪಾಳೇಗಾರ ತೊಡೆ ತಟ್ಟಿ ಪದ್ಯ ಎತ್ತಿದಾಗ ಮುಂದಿನ ಸಾಲಿನ ಮುದುಕಿಯೊಬ್ಬಳು, “ಅಯ್ಯ, ಅಕಿನ ಇಕಿ!” ಎಂದು ಕೂಗಿದಳು. ಆ ಪದ್ಯವನ್ನು ಮೂರು ಸಲ ಹಾಡಿಸಿದರು.

ಈಗ ಆಕೆಗೆ ಐವತ್ತು. ಬಳ್ಳಾರಿಯ ಪಾರ್ವತಿನಗರದಲ್ಲಿ ಮನೆ ಮಾಡಿದ್ದಾಳೆ. ಭಾನುವಾರ ಹನ್ನೊಂದು ಹುಡುಗಿಯರು ಕಲಿಯಲು ಬರುತ್ತಾರೆ. ಹೋದ ತಿಂಗಳು ಸಿರುಗುಪ್ಪದಲ್ಲಿ ಪದ್ಯದ ನಡುವೆ ಮೈಕು ಕೈಕೊಟ್ಟಿತು. ಸರಿಮಾಡಲು ಓಡಿ ಬಂದವನಿಗೆ ಕೈಸನ್ನೆಯಲ್ಲೇ ಬೇಡವೆಂದು, ಕೊನೆಯ ಸಾಲಿನಲ್ಲಿ ಕೂತವರಿಗೂ ಕೇಳುವಂತೆ ಹಾಡಿ ಮುಗಿಸಿದಳು.