ಅತ್ತೆಯ ಓಟ್ಸ್ ಬಿಸ್ಕತ್ತು

ನಮ್ಮತ್ತೆಯ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪಗೆ ಸುಟ್ಟಿರುತ್ತಿತ್ತು. ಡಬರಿಯ ಮುಚ್ಚಳದ ಮೇಲೆ ಹರಡಿದ ಕೆಂಡವನ್ನು ಇಕ್ಕಳದಿಂದ ಸರಿಸುತ್ತಿದ್ದರು. ಇಕ್ಕಳ ಕೈಗೆ ಸಿಗದಿದ್ದರೆ ಬೆರಳಿನಿಂದಲೇ. "ಸುಡಲ್ವಾ ಅತ್ತೆ?" ಎಂದರೆ "ಸುಡತ್ತೆ ಕಣೇ. ಬಿಸ್ಕತ್ತು ಸೀದ್ರೆ ಇನ್ನೂ ಸುಡತ್ತೆ" ಎನ್ನುತ್ತಿದ್ದರು.

ಅವರು ಅಪ್ಪನ ಅಕ್ಕ. ಗಂಡ ಬೆಂಗಳೂರು ದಂಡಿನಲ್ಲಿ, ಅದೇ ಕಂಟೋನ್ಮೆಂಟಿನಲ್ಲಿ, ಗುಮಾಸ್ತರಾಗಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಒಂದು ಟ್ರಂಕು, ಒಂದು ಓಟ್ಸ್ ಡಬ್ಬಿ ಹಿಡಿದುಕೊಂಡು ಮೈಸೂರಿಗೆ, ಚಾಮುಂಡಿಪುರದ ನಮ್ಮ ಮನೆಗೆ ಬಂದರು. ದಂಡಿನಲ್ಲಿ ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಹೆಂಗಸು ಕಲಿಸಿದ್ದ ಬಿಸ್ಕತ್ತು ಅದು. ಆಕೆ ಅದಕ್ಕೆ ಮೊಟ್ಟೆ ಬೆರೆಸುತ್ತಿದ್ದಳಂತೆ. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆಯ ಹೆಸರೆತ್ತುವ ಹಾಗಿರಲಿಲ್ಲ. ಅತ್ತೆ ಮೊಟ್ಟೆಯ ಬದಲು ಗಟ್ಟಿ ಮೊಸರು, ಸಕ್ಕರೆಯ ಬದಲು ಬೆಲ್ಲ ಹಾಕಿ ಅದನ್ನು ನಮ್ಮದಾಗಿ ಮಾಡಿಕೊಂಡಿದ್ದರು. ಶನಿವಾರ ಮಧ್ಯಾಹ್ನ ಹಿತ್ತಲಲ್ಲಿ ಇದ್ದಿಲ ಒಲೆ, ಒಲೆಯ ಮೇಲೆ ಮರಳು ಹಾಕಿದ ದೊಡ್ಡ ಡಬರಿ, ಮರಳಿನ ಮೇಲೆ ಬಿಸ್ಕತ್ತಿನ ತಟ್ಟೆ, ಮುಚ್ಚಳದ ಮೇಲೆ ಮತ್ತೆ ಕೆಂಡ.

ಮೊದಲ ಸಲ ಮಾಡಿದಾಗ ಅಪ್ಪ "ಕುದುರೆ ಮೇವು ತಿನ್ನಿಸ್ತೀಯೇನಕ್ಕಾ?" ಎಂದು ಮುಖ ಸಿಂಡರಿಸಿದರು. ಮೊಟ್ಟೆಯ ವಾಸನೆ ಬರುತ್ತಿದೆ ಎಂದು ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮೊಟ್ಟೆಯ ವಾಸನೆ ಹೇಗಿರುತ್ತದೆಂದು ಅಮ್ಮನಿಗೆ ಹೇಗೆ ಗೊತ್ತೋ ಶಿವನೇ ಬಲ್ಲ. ಸ್ವಲ್ಪ ದಿನದಲ್ಲೇ ಅಪ್ಪನ ಕೋಟಿನ ಜೇಬಿನಲ್ಲಿ ಬಿಸ್ಕತ್ತಿನ ಪುಡಿ ಸಿಗತೊಡಗಿತು. ಅಮ್ಮ ಬಿಸ್ಕತ್ತಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕತೊಡಗಿದರು. ತಿನ್ನುವುದೇನೋ ತಿಂದರು, ಚೆನ್ನಾಗಿದೆ ಎನ್ನುವ ಒಂದು ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಮೊದಲ ತಟ್ಟೆ ಇಳಿಸಿದ ಮೇಲೆ ಅತ್ತೆ ಹೊಸ್ತಿಲಲ್ಲಿ ನಿಂತು ಎಲ್ಲರ ಮುಖ ನೋಡುತ್ತಿದ್ದರು. ಆ ಒಂದು ಮಾತು ಅವರಿಗೆ ಬೇಕಿತ್ತು, ಅದು ಚಿಕ್ಕವಳಾದ ನನಗೂ ಕಾಣುತ್ತಿತ್ತು. ತುಟಿ ಒರೆಸಿಕೊಂಡು ಎದ್ದುಹೋಗುತ್ತಿದ್ದ ನಮ್ಮವರ ಮುಖಗಳನ್ನು ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ.

ಒಂದು ದಿನ ನನ್ನ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದರು. ಆಗಿನ ಪದ್ಧತಿ ಗೊತ್ತಲ್ಲ, ತಟ್ಟೆಯಲ್ಲಿ ಏನಿದ್ದರೂ ಅದು ಹುಡುಗಿಯೇ ಮಾಡಿದ್ದು. ಉಪ್ಪಿಟ್ಟು ಹುಡುಗಿಯದು, ಕಾಫಿ ಹುಡುಗಿಯದು, ಗೋಡೆಯ ಮೇಲಿನ ಕಸೂತಿಯೂ ಹುಡುಗಿಯದೇ. ನಮ್ಮಕ್ಕನಿಗೆ ಇದ್ದಿಲ ಒಲೆ ಹೊತ್ತಿಸಲೂ ಬರುತ್ತಿರಲಿಲ್ಲ. ಅಮ್ಮ ಅತ್ತೆಯ ಬಿಸ್ಕತ್ತನ್ನು ಮುಂದಿಟ್ಟು "ಎಲ್ಲಾ ಇವಳೇ ಮಾಡಿದ್ದು ಕಣ್ರೀ" ಎಂದರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಹಾಗೆ. ಅತ್ತೆ ಅಡುಗೆಮನೆಯ ಬಾಗಿಲ ಹಿಂದಿದ್ದರು. ಗಂಡನಿಲ್ಲದವರು ಹೆಣ್ಣು ನೋಡುವ ಹೊತ್ತಿಗೆ ಎದುರು ಬರಬಾರದು ಎಂದು ಅಮ್ಮ ಬೆಳಿಗ್ಗೆಯೇ ಹೇಳಿದ್ದರು. ಅವರು ಮಾಡಿದ ತಿಂಡಿ ಬರಬಹುದು, ಅವರು ಬರಬಾರದು.

ಗಂಡಿನ ತಂದೆ ಒಂದು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರು. "ಬಲು ಚೆನ್ನಾಗಿದೆ. ಹೆಂಗೆ ಮಾಡ್ದೆಯಮ್ಮ ಇದನ್ನ?"

ಅಕ್ಕ ನೆಲ ನೋಡಿದಳು. "ನಾಚಿಕೆ ಅವಳಿಗೆ" ಎಂದರು ಅಮ್ಮ. "ನಾಚಿಕೆ ಏನು ಬಂತು? ಹೇಳಮ್ಮ" ಎಂದು ಗಂಡಿನ ತಂದೆ ಬಿಡಲೇ ಇಲ್ಲ. ಅಕ್ಕನ ಕಣ್ಣಲ್ಲಿ ನೀರು ತುಂಬಿತು.

ಆಗ ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು. "ಓಟ್ಸನ್ನ ಸಣ್ಣ ಉರೀಲಿ ಘಮ್ಮನ್ನೋ ತನಕ ಹುರೀಬೇಕು. ಬೆಣ್ಣೆ, ಬೆಲ್ಲ ಅಂಗೈಲಿ ಉಜ್ಜಿ ಉಜ್ಜಿ ಹಗುರ ಮಾಡ್ಬೇಕು. ಒಂದು ಹಿಡಿ ಗೋಧಿ ಹಿಟ್ಟು, ಚಿಟಿಕೆ ಸೋಡ. ಮೊಸರು ಜಾಸ್ತಿ ಆದ್ರೆ ಮೆತ್ತಗಾಗ್ಬುಡತ್ತೆ. ಕೆಳಗೆ ಕೆಂಡ ಕಮ್ಮಿ, ಮೇಲೆ ಜಾಸ್ತಿ."

ಅಕ್ಕನ ಮಾನ ಉಳಿಸಲು ಆಡಿದ ಮಾತು ಅದು. "ಯಾರದು ಒಳಗೆ?" ಎಂದು ಗಂಡಿನ ತಾಯಿ ಕೇಳಿದರು.

ಅಪ್ಪ, ಅತ್ತೆಯ ಒಡಹುಟ್ಟಿದ ತಮ್ಮ, ಕಾಫಿ ಲೋಟವನ್ನು ಕೆಳಗಿಡದೆ ಹೇಳಿದರು: "ಅಡುಗೆಯವಳು."

ಥೂ! ಇಷ್ಟು ವರ್ಷವಾದರೂ ಆ ಮಾತು ನೆನಪಾದರೆ ಬಾಯಿ ಮುಕ್ಕಳಿಸಿಕೊಳ್ಳಬೇಕು ಅನಿಸುತ್ತದೆ. ಅಮ್ಮ ಅಡ್ಡ ಬರಲಿಲ್ಲ. ಅಕ್ಕ ಕಣ್ಣೊರೆಸಿಕೊಂಡು ತಟ್ಟೆ ಮುಂದೆ ಸರಿಸಿದಳು. ಮದುವೆ ಗೊತ್ತಾಯಿತು. ಬೀಗರಿಗೆ ನಿಜ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಅವರೂ ನಕ್ಕು ಸುಮ್ಮನಾದರು, ಅದು ಇನ್ನೂ ಅಸಹ್ಯ.

ಅತ್ತೆ ಅಳಲಿಲ್ಲ, ಜಗಳವಾಡಲಿಲ್ಲ. ಆ ಸಂಜೆಯೇ ಮರಳನ್ನು ಹಿತ್ತಲಿಗೆ ಸುರಿದು, ಡಬರಿ ತೊಳೆದು ಬೋರಲು ಹಾಕಿದರು. ಮುಂದಿನ ಶನಿವಾರ ಅಪ್ಪ ಹಿತ್ತಲಿಗೆ ಇಣುಕಿ "ಅಕ್ಕಾ, ಇವತ್ತು ಒಲೆ ಹಚ್ಚಲಿಲ್ವಾ?" ಎಂದರು.

"ಶನಿವಾರ ಅಡುಗೆಯವಳಿಗೆ ರಜ ಕಣಪ್ಪ" ಎಂದು ಹೇಳಿ, ಸೆರಗು ಹೊದ್ದು ಅತ್ತೆ ಮಠದ ಕಡೆಗೆ ಹೊರಟರು. ಆಮೇಲೆ ಪ್ರತಿ ಶನಿವಾರವೂ ಅಷ್ಟೇ. ಮಿಕ್ಕ ದಿನ ಅನ್ನ, ಸಾರು, ಮುದ್ದೆ ಎಲ್ಲ ಎಂದಿನಂತೆ ಮಾಡಿದರು. ಬಿಸ್ಕತ್ತು ಮಾತ್ರ ಆ ಮನೆಯಲ್ಲಿ ಮತ್ತೆ ಆಗಲಿಲ್ಲ. ಅಪ್ಪ ಎರಡನೆಯ ಸಲ ಕೇಳುವ ಧೈರ್ಯ ಮಾಡಲಿಲ್ಲ, ತಪ್ಪಾಯಿತು ಎನ್ನುವ ದೊಡ್ಡತನವಂತೂ ಇರಲೇ ಇಲ್ಲ.

ಕೆಲವು ವರ್ಷಗಳ ಮೇಲೆ ಅತ್ತೆ ವಿಷಮಶೀತ ಜ್ವರದಿಂದ ತೀರಿಕೊಂಡರು. ಎಡೆಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಬೇಕು. ನಮಗೆಲ್ಲ ಬೇಯಿಸಿ ಹಾಕಿದವರಿಗೆ ಏನಿಷ್ಟವೆಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ! ಕೊನೆಗೆ ಅಪ್ಪ ಪೇಟೆಗೆ ಹೋಗಿ ಯಾವುದೋ ಬೇಕರಿಯಿಂದ ಬಿಸ್ಕತ್ತು ಕಟ್ಟಿಸಿಕೊಂಡು ಬಂದರು. ಪೊಟ್ಟಣ ಬಿಚ್ಚಿದರೆ ಗಮ್ಮೆಂದು ಮೊಟ್ಟೆಯ ನಾತ. ಜನ್ಮದಲ್ಲಿ ಮೊಟ್ಟೆ ಮುಟ್ಟದವರ ಎಡೆಗೆ ಅದು. ಅಮ್ಮನ ಮೂಗಿಗೆ ಅವತ್ತು ಏನೂ ಬಡಿಯಲಿಲ್ಲ.

ನಾನು ಅದನ್ನು ಎಲೆಯಿಂದ ಬಾಚಿ ಹಿತ್ತಲಿಗೆ ಎಸೆದೆ.

"ಏನೇ ಇದು, ಬಂದವರ ಮುಂದೆ?" ಎಂದು ಅಪ್ಪ ಗದರಿದರು.

"ಅಡುಗೆಯವಳು ಅಂದ್ರಲ್ಲಪ್ಪ, ಅವತ್ತು ಬಂದವರು ಇರ್ಲಿಲ್ವಾ?"

ಅಪ್ಪ ತಲೆ ತಗ್ಗಿಸಿದರು. ಆ ತಗ್ಗಿದ ತಲೆ ನೋಡಿಯೂ ನನಗೆ ಕನಿಕರ ಬರಲಿಲ್ಲ.

ಮರುವರ್ಷದ ಎಡೆಗೆ ನಾನೇ ಅಟ್ಟದಿಂದ ಆ ಡಬರಿ ಇಳಿಸಿ ಮರಳು ತುಂಬಿದೆ. ಅತ್ತೆ ನನಗೆ ಕೂರಿಸಿಕೊಂಡು ಕಲಿಸಿದವರಲ್ಲ. ಅವತ್ತು ಬಾಗಿಲ ಹಿಂದಿನಿಂದ ಹೇಳಿದ್ದಷ್ಟೇ ನನಗೆ ಗೊತ್ತಿದ್ದದ್ದು. ಮೊದಲ ತಟ್ಟೆ ಸೀದುಹೋಯಿತು, ಹೆಬ್ಬೆರಳು ಸುಟ್ಟಿತು, ಎರಡನೆಯದು ಸರಿಬಂತು. ಈಗ ನನ್ನ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳಿಗೆಲ್ಲ ಅದೇ ಬಿಸ್ಕತ್ತು. ಬಂದವರು ಒಂದು ತಿಂದು "ಚೆನ್ನಾಗಿದೆ, ನೀವೇ ಮಾಡಿದ್ದಾ?" ಎಂದು ಕೇಳುತ್ತಾರೆ.

"ಅಲ್ಲ," ಎನ್ನುತ್ತೇನೆ, "ನಮ್ಮತ್ತೆ ಮಾಡಿದ್ದು."