ಹಟ್ಟಿ ಬಾಗಿಲಿಗೆ ಬರಬೇಕಾದವನು

೧೯೯೪ರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ ನನ್ನ ಓದು ನಿಂತಿತು. ಅದಕ್ಕೆ ಯಾರನ್ನೂ ದೂರುವುದಿಲ್ಲ. ಶಾಲೆಯಲ್ಲಿ ಪಾಠವೆಲ್ಲ ತಮಿಳು, ಮನೆಯಲ್ಲಿ ಮಾತೆಲ್ಲ ಕನ್ನಡ, ಹೊರಗೆ ಕುರಿ. ಈ ಮೂರರಲ್ಲಿ ನನಗೆ ಚೆನ್ನಾಗಿ ಅರ್ಥವಾಗುತ್ತಿದ್ದದ್ದು ಕುರಿಯೇ. ಕನ್ನಡ ಅಕ್ಷರವನ್ನು ಆಮೇಲೆ ಹೊಸೂರಿನಲ್ಲಿ ವೆಲ್ಡಿಂಗ್ ಕಲಿಯುವಾಗ ಬಸ್ಸಿನ ಬೋರ್ಡು, ಹಳೇ ಪೇಪರು ನೋಡಿ ನಾನೇ ಕಲಿತೆ. ಇವತ್ತು ಧರ್ಮಪುರಿ ಹತ್ತಿರದ ಕಾರಿಮಂಗಲದಲ್ಲಿ ನನ್ನದೇ ಶೆಡ್ಡು ಇದೆ. ನಾನು ಬೆಸೆದ ನೀರಿನ ಟ್ಯಾಂಕು ಸೋರಿತು ಎಂದು ಯಾರೂ ವಾಪಸು ತಂದಿಲ್ಲ.

ಹೋದ ವಾರ ಒಂದು ಟ್ಯಾಂಕರಿಗೆ ಬಳಿಯಲೆಂದು ಕೆಂಪು ಪೇಂಟಿನ ಡಬ್ಬಿಯ ಮುಚ್ಚಳವನ್ನು ಮೀಟಿ ತೆಗೆದೆ. ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಒದ್ದೆ ಕುರಿಯ ವಾಸನೆ… ಶೆಡ್ಡಿನಲ್ಲಿ ಕುರಿ ಎಲ್ಲಿಂದ ಬರಬೇಕು? ಆದರೂ ಬಂತು. ಬ್ರಷ್ಷು ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಪಕ್ಕದಲ್ಲಿ ಮಾವ ಬಂದು ಕೂತಂತಾಯಿತು.

ಮಾವ ಅಂದರೆ ನಮ್ಮಮ್ಮನ ತಮ್ಮ. ಅವರ ಹಟ್ಟಿಗೂ ನಮ್ಮ ಹಟ್ಟಿಗೂ ನಡುವೆ ಒಂದು ಮುಳ್ಳುಬೇಲಿ. ಕೆರೆಯಲ್ಲಿ ಕುರಿಗಳ ಮೈ ತೊಳೆದ ದಿನವೇ ಅವಕ್ಕೆ ಗುರುತು ಹಾಕುವುದು. ಒಂದೊಂದು ಮನೆಗೆ ಒಂದೊಂದು ಗುರುತು. ನಮ್ಮದು ಎಡ ತೊಡೆಯ ಮೇಲೆ ಒಂದು ಪಟ್ಟೆ, ಮಾವನದು ಬೆನ್ನ ಮೇಲೆ ದುಂಡನೆಯ ಕೆಂಪು. ಕೆಲಸ ಮುಗಿದ ಮೇಲೆ ಉಳಿದ ಬಣ್ಣದಲ್ಲಿ ನನ್ನ ಬೆನ್ನಿಗೂ ಒಂದು ದುಂಡು ಬಳಿದು, “ಕಳೆದೋದ್ರೂ ಇನ್ನು ಬಯ ಇಲ್ಲ ಬುಡ್ಲಾ, ಯಾರಾನಾ ಇಡ್ಕೊಂಡ್ ಬಂದು ನಮ್ ಅಟ್ಟೀಲೇ ಕಟ್ತಾರೆ” ಅನ್ನುತ್ತಿದ್ದರು. ಮಂಜು ಬಿದ್ದ ಬೆಳಗಿನಲ್ಲಿ ಕುರಿ ಕಾಣುತ್ತಿರಲಿಲ್ಲ, ಬರೀ ಕೆಂಪು ದುಂಡುಗಳು ಗುಡ್ಡ ಹತ್ತುತ್ತಿದ್ದವು. ಅವುಗಳ ಹಿಂದೆ ಮಾವನ ಸಿಳ್ಳೆ… ಈಗ ಕಣ್ಣು ಮುಚ್ಚಿದರೂ ಹತ್ತುತ್ತಲೇ ಇರುತ್ತವೆ.

ಗುರುತಿಗೆ ಒಂದು ಕಟ್ಟಳೆ ಇತ್ತು. ಗುರುತಿರುವ ಕುರಿಯನ್ನು ಯಾರ ನಾಯಿ ಕಚ್ಚಲಿ, ಯಾರ ಗಾಡಿ ಹೊಡೆಯಲಿ, ಕೊಂದವನು ಆ ಹಟ್ಟಿಯ ಬಾಗಿಲಲ್ಲಿ ನಿಂತು “ನಾನು” ಅನ್ನಬೇಕು. ಅಂದ ಮೇಲೆ ಅವನಿಗೆ ಕೂರಲು ಜಾಗ, ಕುಡಿಯಲು ಮಜ್ಜಿಗೆ. ಅನ್ನುವವರೆಗೆ ಒಂದು ತೊಟ್ಟು ನೀರೂ ಇಲ್ಲ.

ಒಂದು ಬೇಸಿಗೆ ಮೇವಿಗೆಂದು ಅದಿಯಮಾನ್‌ಕೋಟೆ ಕಡೆ ಬೀಡು ಬಿಟ್ಟಿದ್ದೆವು. ಮಾವನ ಕುರಿಯೊಂದಕ್ಕೆ ಲಾರಿ ಬಡಿಯಿತು, ಲಾರಿ ನಿಲ್ಲಲಿಲ್ಲ. ಹೊತ್ತು ಮುಳುಗುವಾಗ ಆ ಡ್ರೈವರ್ ತಾನಾಗಿ ಬಂದ. ತೊಪ್ಪೂರು ಘಾಟಿಯವರೆಗೆ ಹೋದವನು ಮನಸ್ಸು ತಡೆಯದೆ ತಿರುಗಿಸಿಕೊಂಡು ಬಂದು, ಟೀ ಅಂಗಡಿಯಲ್ಲಿ “ಬೆನ್ನ ಮೇಲೆ ಕೆಂಪು ದುಂಡು, ಯಾರದು?” ಎಂದು ವಿಚಾರಿಸಿ ನಮ್ಮ ಮುಳ್ಳಿನ ಹಟ್ಟಿಯ ಮುಂದೆ ನಿಂತಿದ್ದ. “ನಾಂದಾನ್ ಅಣ್ಣೇ” ಅಂದ. ನಾನೇ ಅಣ್ಣಾ, ಅಷ್ಟೇ. ಮಾವ ಮಜ್ಜಿಗೆ ಕೊಟ್ಟು ನನ್ನ ಕಡೆ ತಿರುಗಿದರು.

“ನೋಡ್ಲಾ, ಒಂದು ಕುರೀಗೆ ಇಷ್ಟು ನಡುಗ್ತಾನೆ, ಮನೇಲಿ ಎಂಡ್ತಿ ಮುಂದೆ ಎಂಗಿರ್ತಾನೋ!”

“ದುಡ್ಡು ಕೇಳೋದಿಲ್ವಾ ಮಾವಾ?”

“ಅದು ನಾಳೆ ಮಾತು ಕಣ್ಲಾ. ಇವತ್ತು ‘ನಾನು’ ಅಂದ್ನಲ್ಲ. ಅವನೂ ಮಲಿಕ್ಕೋಬೋದು, ನಾನೂ ಮಲಿಕ್ಕೋಬೋದು.”

ಆಮೇಲೆ ಮಾವ ಕುರಿಗಳನ್ನು ಅತ್ತೆಯ ಕೈಗೆ ಬಿಟ್ಟು ಬೋರ್‌ವೆಲ್ ಲಾರಿ ಹತ್ತಿದರು. ನಮ್ಮ ಕಡೆಯವರಿಗೆ ಅದೇನೂ ಹೊಸದಲ್ಲ, ಎಲ್ಲಿ ನೀರಿಲ್ಲವೋ ಅಲ್ಲಿ ನಮ್ಮವರ ಲಾರಿ ಇರುತ್ತದೆ. ಊರೂರು ಕೊರೆದು, ದೇಶ ದಾಟಿ, ಕೊನೆಗೆ ಯುದ್ಧ ನಡೆಯುವ ಜಾಗಕ್ಕೆ ನೀರು ಕೊಡುವ ಒಂದು ನೆರವಿನ ಸಂಘಕ್ಕೆ ಸೇರಿದರು. ಪಂಪು ರಿಪೇರಿ, ಟ್ಯಾಂಕರು ಓಡಿಸುವುದು. ಒಮ್ಮೆ ವಿಡಿಯೋದಲ್ಲಿ ತಮ್ಮ ಟ್ಯಾಂಕರಿನ ನೆತ್ತಿ ತೋರಿಸಿದರು. ಮೇಲೆ ದೊಡ್ಡದಾಗಿ ಸಂಘದ ಗುರುತು ಬಳಿದಿದ್ದರು.

“ಆಕಾಸುಕ್ಕೆ ಕಾಣ್ಲಿ ಅಂತ ಕಣ್ಲಾ. ನಮ್ ಕುರೀಗೆ ಆಕ್ದಂಗೆ! ಯಾವ ದಾರೀಲಿ ಓಗ್ತೀವಿ ಅಂತ ಬೆಳಗ್ಗೇನೇ ಎರಡು ಕಡೆಯೋರ್ಗೂ ಏಳ್ಬುಡ್ತಾರೆ.”

ನನ್ನ ಹಿಂದಿನಿಂದ ಅತ್ತೆ ತಲೆ ತೂರಿಸಿ, “ಮ್ಯಾಲಿಂದ ನೋಡೋನ್ಗೆ ಕಣ್ಣು ನೆಟ್ಟಗೈತಾ, ಕೇಳಿದ್ಯಾ?” ಅಂದರು.

“ನಿನ್ ಕಣ್ಣಿಗಿಂತ ಚೆನ್ನಾಗೈತೆ ಕಣೇ. ಇರುವೆ ಎಣಿಸ್ತಾರಂತೆ.” ಮಾವನ ನಗು ಪರದೆಯ ಮೇಲೆ ಸ್ವಲ್ಪ ಹೊತ್ತು ನಿಂತುಹೋಯಿತು. ಸಿಗ್ನಲ್ ಇರಲಿಲ್ಲ. ಆ ನಿಂತುಹೋದ ನಗುವೇ ನನಗೆ ಹೆಚ್ಚು ನೆನಪು…

ಹಾಡುಹಗಲಲ್ಲಿ, ಬೆಳಗ್ಗೆ ಹೇಳಿದ್ದ ದಾರಿಯಲ್ಲೇ, ಆ ಟ್ಯಾಂಕರಿಗೆ ಮೇಲಿನಿಂದ ಬಾಂಬು ಹೊಡೆದರು. ಮಾವ ತೀರಿಕೊಂಡರು, ಜೊತೆಗೆ ಆ ದೇಶದವರೇ ಇಬ್ಬರು. ಪೆಟ್ಟಿಗೆ ಬಂತು, ಮಣ್ಣು ಮಾಡಿದೆವು. ಆ ದಿನಗಳು ನನಗೆ ನೀರಿನೊಳಗಿಂದ ನೋಡಿದಂತೆ ಅಲುಗಾಡುತ್ತವೆ. ಬಾಯಿಗಳು ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ.

ಸ್ಪಷ್ಟವಾಗಿ ಕೇಳುವುದು ಒಂದೇ ಮಧ್ಯಾಹ್ನ. ಸಂಘದವರೊಬ್ಬರು ಚೆನ್ನೈಯಿಂದ ಬಂದಿದ್ದರು. ಮಾವನ ಜೊತೆ ಕೆಲಸ ಮಾಡಿದವರು, ಒಳ್ಳೆಯ ಮನುಷ್ಯ. ಕೊಡಬೇಕಾದದ್ದನ್ನು ಕೊಟ್ಟರು, ಆ ವಿಷಯದಲ್ಲಿ ದೂರಿಲ್ಲ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

“ಯಾರು ಸಾಮಿ ಒಡೆದದ್ದು?”

“ವಿಸಾರಣೆ ನಡಕ್ಕುದು ಅಮ್ಮಾ.” ವಿಚಾರಣೆ ನಡೆಯುತ್ತಿದೆ ಎಂದು ಅವರು ನೆಲ ನೋಡಿದರು. ಎರಡು ಕಡೆಯವರೂ ನಾವಲ್ಲ ಅನ್ನುತ್ತಿದ್ದಾರೆ ಎಂದೂ ಹೇಳಿದರು.

“ಗುರ್ತು ಇತ್ತಲ್ಲ?”

“ಇರುಂದುಚ್ಚು ಅಮ್ಮಾ.” ಇತ್ತು.

“ದಾರೀನೂ ಏಳಿದ್ರಲ್ಲ?”

ಅವರು ಹೌದೆಂದು ತಲೆಯಾಡಿಸಿದರು. ಶರಟಿನ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಕುಡಿಯಲು ನೀರು ಕೇಳಿದರು. ಕೂತಿದ್ದ ನಮ್ಮವರೆಲ್ಲ ಅತ್ತೆಯ ಮುಖ ನೋಡಿದರು. ಕಟ್ಟಳೆ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅತ್ತೆ ಒಳಗೆ ಹೋದರು. ಹೊರಗೆ ಬರುವುದು ತಡವಾಯಿತು. ಬಂದಾಗ ಕೈಯಲ್ಲಿ ತುಂಬಿದ ಚೊಂಬು ಇತ್ತು.

“ನೀವು ಕುಡೀರಿ. ನೀವು ಕೊಂದೋರಲ್ಲ. ಅವನು ಯಾರು ಅಂತ ಗೊತ್ತಾದ್ರೆ ಏಳಿ ಅವನ್ಗೆ, ಇಲ್ಲೀಗಂಟ ಬರ್ಲಿ. ನಾನು ಒಡೆಯಾಕಿಲ್ಲ, ಬಯ್ಯಾಕಿಲ್ಲ. ‘ನಾನು’ ಅನ್ಲಿ ಸಾಕು. ಅವನ್ಗೂ ಮಜ್ಜಿಗೆ ಕೊಡ್ತೀನಿ.”

ಅವರಿಗೆ ಅಷ್ಟು ಕನ್ನಡ ಬರುತ್ತಿರಲಿಲ್ಲ, ನಾನೇ ತಮಿಳಿನಲ್ಲಿ ಹೇಳಿದೆ. ಕೇಳಿದ ಮೇಲೆ ಚೊಂಬು ಎತ್ತಿ ಕುಡಿಯಲು ಹೋದರು, ಅರ್ಧ ನೀರು ಎದೆಯ ಮೇಲೆ ಚೆಲ್ಲಿತು.

ಎರಡು ವರ್ಷವಾದ ಮೇಲೆ ಸಂಘದಿಂದ ಇಂಗ್ಲಿಷಿನಲ್ಲಿ ಒಂದು ಮೇಲ್ ಬಂತು. ಧರ್ಮಪುರಿಯಲ್ಲಿ ಕಾಲೇಜು ಓದುವ ನನ್ನ ಮಗಳು ಅದನ್ನು ತಮಿಳಿನಲ್ಲಿ ನನಗೆ ಹೇಳಿದಳು, ನಾನು ಕನ್ನಡದಲ್ಲಿ ಅತ್ತೆಗೆ ಹೇಳಬೇಕಾಯಿತು. ಒಂದು ಕಡೆಯ ಸೈನ್ಯ ಒಪ್ಪಿಕೊಂಡಿದೆ, ಅದು ತಪ್ಪು ತಿಳಿದು ನಡೆದದ್ದು, ಯಾರ ಮೇಲೂ ಕ್ರಮ ಇಲ್ಲ, ವಿಚಾರಣೆ ಮುಗಿದಿದೆ. ದಾರಿಯುದ್ದಕ್ಕೂ ಈ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾ ಹೋದೆ. ಕಬ್ಬಿಣವಾಗಿದ್ದರೆ ಹೇಗಾದರೂ ಕೂಡಿಸುತ್ತಿದ್ದೆ.

ಅತ್ತೆ ಮೊರದಲ್ಲಿ ರಾಗಿ ಕೇರುತ್ತಾ ಕೇಳಿಸಿಕೊಂಡರು.

“ಸೈನ್ಯ ಅಂದ್ರೆ ಒಬ್ಬ ಮನ್ಸನಾ?”

“ಅಲ್ಲ ಅತ್ತೆ.”

“ಮತ್ತೆ ಒಡಿ ಅಂದೋನು ಯಾರು? ಗುಂಡಿ ಒತ್ತಿದ ಕೈ ಯಾರ್ದು?”

“ಹೆಸರು ಹಾಕಿಲ್ಲ.”

ಅತ್ತೆ ಇನ್ನೊಂದು ಸಲ ಕೇರಿದರು. ಹೊಟ್ಟು ಗಾಳಿಯಲ್ಲಿ ಅವರ ತಲೆಯ ಸುತ್ತ ತೇಲುತ್ತಿತ್ತು, ಕೆಳಗೆ ಬೀಳಲು ಅದಕ್ಕೇನೂ ಆತುರವಿರಲಿಲ್ಲ…

“ಅಂಗಾದ್ರೆ ಮುಗಿದಿಲ್ಲ ಬುಡು. ಅವನಿನ್ನೂ ಬಂದಿಲ್ಲ. ಮತ್ತೆ ಬರೆಯಾಕೆ ಏಳು ನಿನ್ ಮಗಳ್ಗೆ.”

ಬರೆದಳು. ಮಾವನನ್ನು ಮಣ್ಣು ಮಾಡಿದ ದಿನ ಬಂದಾಗಲೆಲ್ಲ ಬರೆಯುತ್ತಾಳೆ. ಸಂಘದವರಿಗೆ, ನಮ್ಮ ಸರ್ಕಾರಕ್ಕೆ, ಆ ಸೈನ್ಯಕ್ಕೆ. ಕೇಳುವುದು ಒಂದೇ ಮಾತು: ಯಾರು? ನಿಮ್ಮ ಪತ್ರ ತಲುಪಿದೆ ಎಂದು ಉತ್ತರ ಬರುತ್ತದೆ. ಓದಿದವರು, ದೊಡ್ಡ ಕುರ್ಚಿಯಲ್ಲಿ ಕೂತವರು, ಒಬ್ಬ ಲಾರಿ ಡ್ರೈವರ್ ಘಾಟಿಯಿಂದ ತಿರುಗಿ ಬಂದು ಹೇಳಿದಷ್ಟು ಹೇಳಲು ಇಷ್ಟು ಕಾಲ ಏಕೆ ಬೇಕು ಎಂದು ನನಗೆ ಗೊತ್ತಿಲ್ಲ. ಹೆದರಿಕೆ ಅವನಿಗೂ ಇತ್ತು. ಆದರೂ ಬಂದ.

ಅತ್ತೆ ಈಗಲೂ ದಿನಾ ಸಂಜೆ ಹಟ್ಟಿಯ ಬಾಗಿಲು ಗುಡಿಸುತ್ತಾರೆ. ಅವನು ಬರುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಅವರ ಮುಂದೆ ಅದನ್ನು ಹೇಳಿಲ್ಲ.

ಈಗ ನನ್ನ ಹತ್ತಿರ ಒಂದು ಶೆಡ್ಡು, ಎರಡು ವೆಲ್ಡಿಂಗ್ ಮಷೀನು, ಕೆಲಸಕ್ಕೆ ಮೂವರು ಆಳು, ಒಂದು ಹಂಚಿನ ಮನೆ, ಹನ್ನೊಂದು ಕುರಿ, ಪತ್ರ ಬರೆಯುವ ಒಬ್ಬ ಮಗಳು, ಸೋಲದ ಒಬ್ಬ ಅತ್ತೆ ಇದ್ದಾರೆ. ಮಾವ ಇಲ್ಲ.